ಹೆಬ್ಬೆರಳ ಕೆಳಗಿನ ಅಂಕಿ

ರದ್ದಿ ಪೇಪರ್ ಗೋದಾಮಿನಲ್ಲಿ ಕೆಲಸಕ್ಕಿದ್ದ ಅಕ್ಕನಿಗೆ ಒಂದೇ ಹುಚ್ಚು. ಮೂಟೆಗಳಲ್ಲಿ ಜಪಾನಿ ಪ್ರೇಮಕಥೆಯ ಚಿತ್ರಪುಸ್ತಕ ಸಿಕ್ಕಿದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ತರುತ್ತಿದ್ದಳು. ಆ ಭಾಷೆಯ ಒಂದಕ್ಷರ ಬಾರದು, ಆದರೂ ಚಿತ್ರ ನೋಡಿಕೊಂಡೇ ಕಥೆ ಕಟ್ಟುತ್ತಿದ್ದಳು. ಎಲ್ಲದರಲ್ಲೂ ಅದೇ ಗೋಳು: ಮೊದಲ ಪುಟದಲ್ಲಿ ಅಪ್ಪಿಕೊಂಡು ನಿಂತವರ ನಡುವೆ ಜಗಳ ಹತ್ತಿ, ಮೂರನೆಯವಳೊಬ್ಬಳು ಬಂದು ವಕ್ಕರಿಸಿ, ಕೊನೆಗೆ ಇಬ್ಬರೂ ಗುರುತೇ ಇಲ್ಲದವರ ಹಾಗೆ ರೈಲು ನಿಲ್ದಾಣದಲ್ಲಿ ತಮ್ಮ ಪಾಡಿಗೆ ತಾವು ನಿಂತಿರುತ್ತಿದ್ದರು.

ಗೋದಾಮಿನ ಲಾರಿ ಡ್ರೈವರ್ ಮನೆಗೇ ಬಂದು, ನನ್ನ ಮದುವೆಯಾಗ್ತೀಯಾ ಅಂತ ಕೇಳಿದ. ಅಕ್ಕ ಆ ಪುಸ್ತಕಗಳನ್ನೇ ಅವನ ಮುಂದೆ ಹರಡಿ, "ಕೊನೆಗೆ ಹೀಗೇ ತಾನೇ ಆಗೋದು? ನಂಗೆ ಬೇಡಪ್ಪ," ಅಂದುಬಿಟ್ಟಳು. ಪಕ್ಕದಲ್ಲೇ ಕೂತಿದ್ದ ತಂಗಿ ತುಟಿಪಿಟಕ್ಕೆನ್ನಲಿಲ್ಲ. ಆರು ತಿಂಗಳಲ್ಲಿ ಅದೇ ಡ್ರೈವರ್ ತಂಗಿಯ ಗಂಡನಾದ. ಅವರ ಮನೆಯ ಮೂಲೆ ಕೋಣೆ ಸೇರಿದ ಅಕ್ಕ, ಸದ್ಯ ನಾನು ಬಚಾವಾದೆ ಅಂತ ಇಪ್ಪತ್ತು ವರ್ಷ ಬೀಗಿದಳು.

ಮೊನ್ನೆ, ಕಾಲೇಜಿನಲ್ಲಿ ಜಪಾನಿ ಕಲಿಯುತ್ತಿರುವ ತಂಗಿಯ ಮಗಳು ಒಂದು ಪುಸ್ತಕ ಎತ್ತಿಕೊಂಡು ಬಿದ್ದು ಬಿದ್ದು ನಕ್ಕಳು. "ದೊಡ್ಡಮ್ಮ, ಜಪಾನಿ ಪುಸ್ತಕಾನ ಹಿಂದಿನ ಪುಟದಿಂದ ಓದಬೇಕು! ಅಪರಿಚಿತರಾಗಿರೋದು ಶುರುವಲ್ಲಿ, ಅಪ್ಪಿಕೊಳ್ಳೋದು ಕೊನೇಲಿ."

ಅಕ್ಕ ಪುಸ್ತಕ ಕಿತ್ತುಕೊಂಡು ಪುಟ ತಿರುವಿದಳು. "ಅದು ನಂಗೆ ಹೇಗೆ ಗೊತ್ತಾಗ್ಬೇಕು?"

"ಪುಟದ ಅಂಕಿ ಇದೆಯಲ್ಲ ಅಕ್ಕ, ನಿನ್ನ ಹೆಬ್ಬೆರಳ ಕೆಳಗೆ," ಅಂದಳು ತಂಗಿ, ಗಂಡನ ಅಂಗಿ ಮಡಚುತ್ತಾ, ತಲೆಯೆತ್ತದೆ. "ನಾನು ಮೊದಲನೇ ದಿನಾನೇ ನೋಡಿದ್ದೆ."