ಹೇಳಿಕೊಳ್ಳುವಂಥ ಬೇನೆ

ನನ್ನ ಹಿರಿಯ ನೆಗೆಣ್ಣಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ, ಎದೆಯ ಕ್ಯಾನ್ಸರ್ ಎಂದು ಗೊತ್ತಾದಾಗ ಕರಜಗಿಯ ಅರ್ಧ ಊರು ನಮ್ಮ ಮನೆಯಲ್ಲಿತ್ತು. ತಡವಾಗಿ ಬಂದಿದ್ದೀರಿ ಎಂದು ಡಾಕ್ಟರರು ಹೇಳಿ ಕಳಿಸಿದ್ದರು. ನೋಡಲು ಬಂದವರೆಲ್ಲ ಬೀರೋಬ ದೇವರ ಭಂಡಾರದ ಅರಿಶಿನವನ್ನು ಅವಳ ಹಣೆಗೆ ಹಚ್ಚಿ, ಪಕ್ಕದಲ್ಲೇ ಕೂತು ಕೈ ಹಿಡಿದುಕೊಳ್ಳುತ್ತಿದ್ದರು. ಅವರಿಗೆಲ್ಲ ಚಹಾ ಕಾಸುವುದು ನನ್ನ ಪಾಲಿನ ಕೆಲಸ. ಒಲೆಯ ಮುಂದೆ ಕೂತ ನನಗೆ ಹೊಟ್ಟೆ ಉರಿಯುತ್ತಿತ್ತು. ನಾಚಿಕೆಯ ಮಾತು ನಿಜ, ಆದರೂ ಉರಿಯುತ್ತಿತ್ತು.

ನನ್ನ ಬೇನೆಗೆ ಒಬ್ಬರೂ ಬಂದಿರಲಿಲ್ಲ. ಬರುವುದಾದರೂ ಹೇಗೆ? ನನಗೆ ಎಚ್‌ಐವಿ ಇದೆಯೆಂದು ಗಂಡ ತೀರಿಕೊಂಡ ಮೇಲೆ ಗೊತ್ತಾಗಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಗುಳಿಗೆ ತರಲು ಸೊಲ್ಲಾಪುರದ ಆಸ್ಪತ್ರೆಗೆ ಹೋಗುವಾಗೆಲ್ಲ, ಅಕ್ಕಲಕೋಟದ ಸ್ವಾಮಿಗಳ ದರ್ಶನಕ್ಕೆ ಎನ್ನುತ್ತಿದ್ದೆ. ಬರುವಾಗ ಅಕ್ಕಲಕೋಟದಲ್ಲಿ ಎಸ್‌ಟಿ ಬಸ್ಸು ಇಳಿದು ಪ್ರಸಾದದ ಪೊಟ್ಟಣ ಕೊಳ್ಳುತ್ತಿದ್ದೆ. ಊರಲ್ಲಿ ನಾನು ದೊಡ್ಡ ಭಕ್ತೆ.

ಆಸ್ಪತ್ರೆಯ ನರ್ಸ್ ಪ್ರತಿಸಲ ಅದೇ ಪಾಠ ಒಪ್ಪಿಸುತ್ತಿದ್ದಳು: ಎಚ್‌ಐವಿ ಇದ್ದ ಹೆಂಗಸರಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರಿನ ಭಯ ಹೆಚ್ಚು, ತ್ರಾಸ ಇರದಿದ್ದರೂ ತಪಾಸಣೆ ಮಾಡಿಸಬೇಕು. ಅವಳ ಕಾಟ ತಾಳಲಾರದೆ ಮಾಡಿಸಿದೆ. ಕ್ಯಾನ್ಸರ್ ಇತ್ತು. ಇನ್ನೂ ಶುರುವಿನಲ್ಲೇ ಇದೆ, ಗುಣವಾಗುತ್ತದೆ ಎಂದರು ಡಾಕ್ಟರರು. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಹಿಗ್ಗು. ಊರಿಗೆ ಹೇಳಿಕೊಳ್ಳುವಂಥ ಬೇನೆ ನನಗೂ ಸಿಕ್ಕಿತ್ತು.

ಮನೆಗೆ ಬಂದವಳೇ ಹಾಸಿಗೆ ಹಿಡಿದಿದ್ದ ನೆಗೆಣ್ಣಿಗೆ ಹೇಳಿದೆ. ಅವಳು ಅಳಲಿಲ್ಲ.

"ನಿನಗ ತ್ರಾಸೇನೂ ಇರಲಿಲ್ಲಲ್ಲ ತಂಗಿ. ಮತ್ತ ತಪಾಸಣಿ ಯಾಕ ಮಾಡಿಸಿದಿ?"

ಒಂದನ್ನು ಹೇಳಿದರೆ ಇನ್ನೊಂದನ್ನೂ ಹೇಳಬೇಕಾಗುತ್ತದೆ ಎಂಬುದು ದಾರಿಯುದ್ದಕ್ಕೂ ಹೊಳೆದಿರಲೇ ಇಲ್ಲ.

"ಬಿಡು," ಎಂದಳು ಅವಳು. "ಜ್ವಾಳದ ಡಬ್ಬಿಯಾಗ ನೀ ಮುಚ್ಚಿಟ್ಟ ಗುಳಿಗಿ ನಾ ಯಾವಾಗೋ ನೋಡೀನಿ. ಯಾರ ಮುಂದೂ ಹೇಳಿಲ್ಲ."

ಮಗ್ಗುಲಾಗಿ ನನ್ನ ಕಡೆ ತಿರುಗಿದಳು.

"ಖರೇ ಹೇಳ್ಲಿ? ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತದ. ನಿನಗ ದವಾಖಾನ್ಯಾಗ ಕೂಡಿಸಿ ಕೇಳೋರು ಅದಾರ. ತ್ರಾಸ ಇಲ್ಲದಾಗ ಹುಡುಕಿ ತಗದ್ರು. ನನಗ, ಗಂಟು ಕೈಗೆ ಹತ್ತೋತನಕ ಯಾರು ಕೇಳಿದ್ರು?"

ತಲೆದಿಂಬಿನ ಪಕ್ಕದಲ್ಲಿ ಭಂಡಾರದ ಬಟ್ಟಲಿತ್ತು. ಅವಳೇ ಕೈಚಾಚಿ ಒಂದು ಚಿಟಿಕೆ ತೆಗೆದುಕೊಂಡು ನನ್ನ ಹಣೆಗೆ ಒತ್ತಿದಳು, ತುಸು ಜೋರಾಗಿಯೇ.