ಭಂಡಾರ ಮುಟ್ಟದ ರಾಯರು

ನನ್ನನ್ನು ಬಂಡವಾಳಶಾಹಿ ಎಂದು ಕರೆದವರು ಈ ಲೋಕದಲ್ಲಿ ಒಬ್ಬರೇ, ನಮ್ಮ ದುಮ್ಮವಾಡದ ಪ್ರಭಂಜನರಾಯರು. ನನ್ನದು ಹಿಂಡಿ, ಹೊಟ್ಟು, ದನ ಕಟ್ಟುವ ಹಗ್ಗ ಮಾರುವ ಸಣ್ಣ ಅಂಗಡಿ. ಅಂಗಡಿ ಮುಂದೆ ನಿಂತು ಅವರು ಹಾಗೆ ಅಂದದ್ದನ್ನು ಕೇಳಿದ ನನ್ನ ಹೆಂಡತಿ ಅದೇನೋ ಸರ್ಕಾರದ ಬಿರುದು ಎಂದುಕೊಂಡು, ರಾತ್ರಿ ರೊಟ್ಟಿಯ ಮೇಲೆ ಬೆಣ್ಣೆ ಹೆಚ್ಚು ಇಟ್ಟಳು. ನಾನು ತಿದ್ದಲು ಹೋಗಲಿಲ್ಲ.

ರಾಯರ ಹಿರಿಯರು ಊರ ಲೆಕ್ಕಪತ್ರ ಬರೆಯುವ ಕುಲಕರ್ಣಿಕಿ ಮಾಡಿದವರು. ಇವರ ಕಾಲಕ್ಕೆ ಉಳಿದದ್ದು ಎರಡು ತುಂಡು ಹೊಲ, ಒಂದು ಆಕಳು, ತಾಯಿ ಸರಸ್ವತೀಬಾಯಿ. ಧಾರವಾಡದಲ್ಲಿ ಎಂ.ಎ. ಮುಗಿಸಿದವರು ನೌಕರಿಗೆ ಅರ್ಜಿ ಹಾಕದೆ ಊರಿಗೆ ಬಂದು, ಹುಬ್ಬಳ್ಳಿಯ ವಾರಪತ್ರಿಕೆಯೊಂದಕ್ಕೆ ಬರೆಯತೊಡಗಿದರು. ವಿಷಯ ಒಂದೇ. ಹೊಗೆ ಬಿಡುವವರು ಪಟ್ಟಣದಲ್ಲಿ ಫ್ಯಾನಿನ ಕೆಳಗೆ ಕೂಡುತ್ತಾರೆ. ಅಡವಿ ಹೋಗಿ, ಬಿಸಿಲು ಬಲಿತು, ಮಳೆ ತಪ್ಪಿದರೆ ಬಾಯಿ ಬಿಡುವವರು ಆ ಹೊಗೆಯನ್ನು ಕಣ್ಣಿಂದ ಕಾಣದವರು. ಇದಕ್ಕೆ ನ್ಯಾಯ ಬೇಕು ಎನ್ನುತ್ತಿದ್ದರು. ಬಿಸಿಲಿನ ವಕೀಲರು ಎಂದು ನಾನೇ ಅವರಿಗೆ ಹೆಸರಿಟ್ಟಿದ್ದೆ.

"ರಾಯರ, ನೀವು ಬರಿಯೂ ಕಾಗದಾನೂ ಗಿಡದಿಂದನ ಆಗೂದಲ್ರಿ?" ಎಂದು ಒಮ್ಮೆ ಕೇಳಿದೆ.

"ಅದಕ್ಕ ಎರಡೂ ಬಾಜು ಬರೀತೀನಿ, ಕುಬೇರಪ್ಪ ಸಾವಕಾರ್ರ."

ಎಂಬತ್ತಾರರ ಮಳೆಗಾಲದ ಹೊತ್ತಿಗೆ ನಮ್ಮ ಗಾಯರಾಣ, ಅಂದರೆ ಇಡೀ ಊರಿನ ದನ ಮೇಯುತ್ತಿದ್ದ ಬಯಲು, ದೂರದ ಕಾರ್ಖಾನೆಯೊಂದರ ಪಾಲಾಗಿತ್ತು. ಸುತ್ತ ತಂತಿ ಬಿಗಿದು ಒಳಗೆ ನೀಲಗಿರಿ ಗಿಡ ಹಚ್ಚಿದ್ದರು. ರಾಯರು ಮನೆಮನೆಗೂ ಹೋಗಿ, "ಬಯಲು ನಮ್ಮದು, ದನಾ ಹೊಡಕೊಂಡು ಒಳಗ ಹೋಗೂಣು" ಎಂದರು. ಒಂದು ಸೋಮವಾರ ತಮ್ಮ ಆಕಳನ್ನು ಮುಂದೆ ಬಿಟ್ಟುಕೊಂಡು ತಾವೇ ಮೊದಲು ತಂತಿ ದಾಟಿದರು. ಹಿಂದೆ ಇಡೀ ಊರಿನ ದನ. ರೇವವ್ವ ತನ್ನ ಗಬ್ಬದ ಎಮ್ಮೆಯನ್ನೂ ಹೊಡೆದುಕೊಂಡು ಬಂದಿದ್ದಳು. ಗಂಡನಿಲ್ಲದ ಆಕೆಗೆ ಆಸ್ತಿ ಅಂತ ಇದ್ದದ್ದು ಅದೊಂದೇ.

ಕಾರ್ಖಾನೆಯ ಕಾವಲುಗಾರರು ಅಷ್ಟೂ ದನಗಳನ್ನು ಅಟ್ಟಿಕೊಂಡು ಹೋಗಿ ಕೊಂಡವಾಡಕ್ಕೆ ಹಾಕಿಸಿದರು. ಮಂದಿಯ ಬೆಳೆ ಮೇಯ್ದ ದನ ಕೂಡಿಹಾಕುವ ದೊಡ್ಡಿ ಅದು; ದಂಡ ಕಟ್ಟಿದರೆ ಬಿಡುತ್ತಾರೆ.

"ಯಾರೂ ಕಟ್ಟಬ್ಯಾಡ್ರಿ," ಎಂದರು ರಾಯರು. "ಕಟ್ಟಿದರ ತಪ್ಪು ಒಪ್ಪಿಕೊಂಡಂಗ ಆಗ್ತದ."

ಬೀರಪ್ಪನ ಗುಡಿಯ ಪೂಜಾರಿ ಅಮೋಘಸಿದ್ದಪ್ಪ ತಲೆಯಾಡಿಸಿದ. "ಹಂಗಾರ ಭಂಡಾರ ಮುಟ್ಟೂಣು. ಬಾಯಿಮಾತು ಗಾಳಿಗಿ ಹೋಕ್ಕಾವು."

ಬೀರಪ್ಪನ ಅರಿಷಿಣಪುಡಿಯೇ ಭಂಡಾರ. ಅದನ್ನು ಮುಟ್ಟಿ ಕೊಟ್ಟ ಮಾತನ್ನು ನಮ್ಮ ಕಡೆ ಯಾರೂ ಮುರಿಯುವುದಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಮುಟ್ಟಿದರು. ತಟ್ಟೆ ರಾಯರ ಮುಂದೆ ಬಂದಾಗ ಅವರು ಕೈ ಹಿಂದೆ ಕಟ್ಟಿಕೊಂಡು, "ನಾ ಇದನ್ನೆಲ್ಲಾ ನಂಬೂದಿಲ್ಲ. ನನಗ ನನ್ನ ಮಾತ ಸಾಕು" ಎಂದರು. ಮಂದಿ ಅದನ್ನೂ ಒಪ್ಪಿಕೊಂಡರು. ಕಲಿತವರು ನೋಡ್ರಿ.

ನನ್ನ ವ್ಯಾಪಾರಕ್ಕೆ ಆ ವಾರ ಭಾಳ ಚಲೋ ಇತ್ತು. ದೊಡ್ಡಿಯೊಳಗಿನ ದನಗಳಿಗೆ ಹಾಕಲು ಹೊಟ್ಟು ಒಯ್ಯುವವರ ಸಾಲು. ರಾಯರು ಮಾತ್ರ ಲೇಖನ ಹಿಡಿದು ಹುಬ್ಬಳ್ಳಿ ಬಸ್ಸು ಹತ್ತುವುದು, ಇಳಿಯುವುದು. ಹಿತ್ತಲಿನ ಕಡೆ ಹೋಗಿ ನೋಡುವ ರೂಢಿ ಅವರಿಗೆ ಮೊದಲಿನಿಂದಲೂ ಇರಲಿಲ್ಲ. ಹಾಲು ಬಟ್ಟಲಲ್ಲೇ ಹುಟ್ಟುತ್ತದೆ ಎಂದು ನಂಬಿದವರಂತೆ ಚಹಾ ಕುಡಿಯುತ್ತಿದ್ದರು.

ಗುರುವಾರ ಅವರ ಲೇಖನ ಅಚ್ಚಾಗಿ ಬಂತು. ಅದನ್ನು ಹಿಡಿದುಕೊಂಡು ರಾಯರು ಕೊಂಡವಾಡದ ಬಾಗಿಲಿಗೆ ಬಂದರು. ಮಂದಿ ಕೂಡಿತ್ತು, ನಾನೂ ಹೊಟ್ಟಿನ ಚೀಲ ಇಳಿಸುತ್ತಿದ್ದೆ. ರೇವವ್ವ ಬೇಲಿಗೆ ಆತು ನಿಂತಿದ್ದಳು. ಅವಳ ಎಮ್ಮೆಗೆ ದಿನ ತುಂಬಿ ಕೆಚ್ಚಲು ಇಳಿದಿತ್ತು. ಒಳಗೆ ಹೋರಿಗಳ ಗುದ್ದಾಟ. ಅಲ್ಲೇ ಈದರೆ ಕರು ಕಾಲಡಿಗೆ ಬೀಳುವುದು ಖಾತ್ರಿ.

ರಾಯರು ಮಾತು ಸುರು ಮಾಡಿದರು. "ಇಲ್ಲಿ ನಿಂತದ್ದು ಬರೇ ದನಾ ಅಲ್ಲ. ಒಂದೊಂದೂ ಒಬ್ಬೊಬ್ಬ ಹೋರಾಟಗಾರ. ಇಷ್ಟು ದಿನದಾಗ ಒಂದೂ ಮನಿಗೆ ಹೋಗಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೆಲವರು ನೆಲ ನೋಡಿದರು.

"ನಿಮ್ಮ ಆಕಳಾ ಎಲ್ಲೈತ್ರಿ, ರಾಯರ?" ಎಂದು ರೇವವ್ವ ಕೇಳಿದಳು.

ರಾಯರು ಬೇಲಿಯ ಮೇಲಿಂದ ಇಣುಕಿದರು. ಆ ಮೂಲೆ ನೋಡಿದರು, ಈ ಮೂಲೆ ನೋಡಿದರು. ಕೊಂಡವಾಡ ಕಾಯುವ ಹೊಳೆಪ್ಪನೇ ಕೊನೆಗೆ ಬಾಯಿ ಬಿಟ್ಟ. "ಮೊನ್ನೇನ ನಿಮ್ಮ ಆಳು ಮಡಿವಾಳೆಪ್ಪ ದಂಡಾ ಕಟ್ಟಿ ಹೊಡಕೊಂಡು ಹೋದ್ರಿ. ನಿಮಗ ಗೊತ್ತೈತಿ ಅಂದ್ಕೊಂಡಿದ್ದೆ."

"ಹೋರಾಟಗಾರರೊಳಗ ಒಬ್ಬಾಕಿಗೆ ಜಾಮೀನು ಸಿಕ್ಕೈತಿ ಬಿಡ್ರಿ," ಎಂದೆ ನಾನು. ಯಾರೂ ನಗಲಿಲ್ಲ.

ರಾಯರು ಪತ್ರಿಕೆಯನ್ನು ಮಡಚುತ್ತ ಮಡಚುತ್ತ ಅಂಗೈಯೊಳಗೆ ಮುಚ್ಚುವಷ್ಟು ಸಣ್ಣದು ಮಾಡಿ, ಮನೆಯ ದಾರಿ ಹಿಡಿದರು. ಅಲ್ಲಿ ನಡೆದದ್ದನ್ನು ಮಡಿವಾಳೆಪ್ಪ ಆಮೇಲೆ ನನ್ನ ಅಂಗಡಿಯಲ್ಲಿ ಹೇಳಿದ. ಸರಸ್ವತೀಬಾಯಿಯವರು ಮಗನಿಗೆ ಏನನ್ನೂ ಮುಚ್ಚಿಡಲಿಲ್ಲವಂತೆ. "ದೇವರ ನೈವೇದ್ಯಕ್ಕ ಮಂದಿ ಮನಿ ಹಾಲು ತರಲೇನೋ? ಭಂಡಾರ ಮುಟ್ಟಿದವರು ಮಾತು ನಡಸಲಿ. ನಾ ಅಂತೂ ಮುಟ್ಟಿಲ್ಲ. ನೀ ಮುಟ್ಟೀಯೇನು?" ಎಂದರಂತೆ.

ರಾಯರು ಕೊಂಡವಾಡಕ್ಕೆ ತಿರುಗಿ ಬಂದಾಗ ಮೈಯೆಲ್ಲ ಬೆವರು. "ದಂಡಾ ಕಟ್ಟಿ ದನಾ ಬಿಡಿಸಿಕೊಳ್ರಿ," ಎಂದರು. "ಇಲ್ಲಂದರ ನಾನ ಎಲ್ಲಾರದೂ ಕಟ್ಟತೀನಿ."

"ರೊಕ್ಕದ ಮಾತಲ್ರಿ ಅದು," ಎಂದಳು ರೇವವ್ವ. ಕಣ್ಣು ಎಮ್ಮೆಯ ಮೇಲಿಂದ ಸರಿಯಲಿಲ್ಲ. "ನಾವು ಭಂಡಾರ ಮುಟ್ಟೇವಿ."

ಎಮ್ಮೆ ನೆಲ ಕೆದರುತ್ತಿತ್ತು, ಕೂಡುತ್ತಿತ್ತು, ಏಳುತ್ತಿತ್ತು. ರಾಯರು ಅಮೋಘಸಿದ್ದಪ್ಪನ ಕಡೆ ತಿರುಗಿದರು. ಆಣೆಯಿಂದ ಬಿಡುಗಡೆಗೆ ದಾರಿಯಿತ್ತು. ಮಾತು ಎತ್ತಿದವನು ಬೀರಪ್ಪನ ಮುಂದೆ ಎಲ್ಲರಿಗೂ ಕೇಳುವ ಹಾಗೆ ತಪ್ಪು ತನ್ನದೆಂದು ಹೇಳಿ, ಭಂಡಾರ ಹಣೆಗೆ ಹಚ್ಚಿಕೊಂಡರೆ ಉಳಿದವರ ಕಟ್ಟು ಬಿಚ್ಚುತ್ತದೆ.

"ನಾ ನಂಬೂದಿಲ್ಲ ಅಂತ ನಿನಗ ಗೊತ್ತದಲ್ಲ," ಎಂದರು ರಾಯರು ಮೆಲ್ಲಗೆ.

"ನೀವು ನಂಬೂದು ಬ್ಯಾಡ್ರಿ. ಇವರು ನಂಬ್ಯಾರ."

ಗುಡಿಯ ಕಟ್ಟೆ ಹತ್ತುವಾಗ ರಾಯರ ಕಾಲಿಗೆ ಧೋತರದ ಚುಂಗು ತೊಡರಿತು. ಬಂಡವಾಳಶಾಹಿಯ ಬುಡ ಅಲ್ಲಾಡಿಸುವ ಧ್ವನಿ ಅವರದು. ಆ ಹೊತ್ತು ಅದು ಎದೆಯಿಂದ ಮೇಲೆ ಬರಲಿಲ್ಲ. "ಮಾತು ನಂದು. ತಪ್ಪೂ ನಂದು," ಎಂದರು.

"ಕೇಳಸ್ಲಿಲ್ರಿ," ಎಂದಳು ಹಿಂದಿನಿಂದ ಹಲೀಮಾಬಿ. ಮುದುಕಿಗೆ ನಿಜಕ್ಕೂ ಕಿವಿ ಮಂದ. ಅವಳದೂ ಎರಡು ಆಡು ಒಳಗಿದ್ದವು.

ರಾಯರು ಮತ್ತೊಮ್ಮೆ ಹೇಳಿದರು, ಗಟ್ಟಿಯಾಗಿ. "ತಪ್ಪು ನಂದು. ನನ್ನ ಮನಿ ಆಕಳ ಬಿಡಿಸಿಕೊಂಡು, ನಿಮ್ಮ ದನಾ ಒಳಗ ನಿಲ್ಲಿಸಿದೆ." ಅಮೋಘಸಿದ್ದಪ್ಪ ಹೇಳಬೇಕೆಂದದ್ದು ಮೊದಲಿನ ಎರಡು ಶಬ್ದವನ್ನಷ್ಟೇ. ಉಳಿದದ್ದು ರಾಯರು ತಾವಾಗಿ ಸೇರಿಸಿದ್ದು. ಹಣೆಗೆ ಅರಿಷಿಣ ಹಚ್ಚಿಕೊಂಡು ಕಟ್ಟೆ ಇಳಿಯುವಾಗ ಯಾರ ಮುಖವನ್ನೂ ನೋಡಲಿಲ್ಲ.

ಸಂಜೆಯೊಳಗೆ ಕೊಂಡವಾಡ ಖಾಲಿಯಾಯಿತು. ರೇವವ್ವನ ಎಮ್ಮೆ ಅಂಗಳ ತಲುಪಿ, ದೀಪ ಹಚ್ಚುವ ಹೊತ್ತಿಗೆ ಈದಿತು. ಹೆಣ್ಣುಗರು.

ಮರುದಿನ ನಾನು ಬಾಣಂತಿ ಎಮ್ಮೆಗೆ ಹಿಂಡಿ ಕೊಡಲು ಹೋದಾಗ ರಾಯರು ಅವಳ ಅಂಗಳದ ಹೊರಗೆ, ಸಾಲ ಕೇಳಲು ಬಂದು ಹೆದರಿ ನಿಂತವರ ಹಾಗೆ ನಿಂತಿದ್ದರು.

"ಒಳಗ ಬರ್ರಿ, ಕರಾ ನೋಡ್ರಿ," ಎಂದಳು ರೇವವ್ವ.

"ಇಲ್ಲೇ ಇರ್ತೀನವ್ವಾ."

"ಗಾಯರಾಣ ಏನ್ ಅವರಿಗಿ ಬಿಟ್ಟುಕೊಡಾಂಗಿಲ್ರಿ ನಾವು. ಇನ್ನೊಮ್ಮಿ ಹೋಗೂದ ಐತಿ. ಆದರ ಕರಿಯಾಕ ಬರೂ ಮುಂದ ಮೊದಲ ನಿಮ್ಮ ಅವ್ವಾರನ್ನ ಕೇಳ್ಕೊಂಡ ಬರ್ರಿ."

ಬಾಜೂ ಮನೆಯ ಹೆಂಗಸರು ನಕ್ಕರು. ರಾಯರ ಕಿವಿ ಕೆಂಪಾದವು. ಮೊದಲಾಗಿದ್ದರೆ ವಾರ, ವೇಳೆ ಅವರೇ ಹೇಳುತ್ತಿದ್ದರು.

"ಯಾವಾಗ ಹೋಗೂಣು ಅಂತಿ?" ಎಂದು ಕೇಳಿದರು.

"ಎಮ್ಮಿ ಸುಧಾರಿಸಿಕೊಳ್ಳಲಿ. ಹೇಳಿ ಕಳಸತೇನ್ರಿ."

ರಾಯರು ಹೂಂ ಎಂದು, ಹೇಳಿ ಕಳಿಸುವವರೆಗೆ ಕಾಯಲು ಮನೆಗೆ ನಡೆದರು.