ಲಾಂಚಿನಲ್ಲಿ ಸಿಕ್ಕ ಅಕ್ಕ

ಎಂಬತ್ತರ ದಶಕದ ಕೊನೆ. ನಾನು ಶಿಡ್ಲಘಟ್ಟದಲ್ಲಿ ಹೈಸ್ಕೂಲು ಓದುತ್ತಿದ್ದೆ. ಅಪ್ಪ ಮೇಷ್ಟ್ರು, ನಡುಮನೆಯ ಗೋಡೆಗೆ ಬುದ್ಧನ ಪಟ ಹಾಕಿದ್ದವರು. ನಾಗಾರ್ಜುನಕೊಂಡದಲ್ಲಿ, ಕೃಷ್ಣಾ ನದಿಯ ನೀರಿನ ನಡುವೆ, ಹಳೆಯ ಸ್ತೂಪಗಳಿವೆಯೆಂದು ಓದಿದಾಗಿನಿಂದ ಅವರಿಗೆ ಅದೇ ಧ್ಯಾನ. ಅಮ್ಮನ ಆಸೆಯೇ ಬೇರೆ. ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿಯ ದಡದಲ್ಲಿ ಹುಟ್ಟಿಯೂ ಅವಳು ಕಂಡಿದ್ದು ಬರೀ ಮರಳು.

"ಸ್ತೂಪ ನೀವು ನೋಡ್ಕೊಳ್ಳಿ. ನಾನು ಕಣ್ತುಂಬ ನೀರು ನೋಡ್ತೀನಿ," ಎಂದಳು.

ಬೇಸಿಗೆ ರಜೆಯಲ್ಲಿ ಮೂವರೂ ಹೋದೆವು. ಬೆಳಗಿನ ಲಾಂಚು ಅವಸರವಿಲ್ಲದೆ ಸಾಗಿತು. ದಡ ದೂರವಾದಂತೆ ಅಮ್ಮನ ಮುಖ ಚಿಕ್ಕ ಹುಡುಗಿಯ ಮುಖದಂತಾಯಿತು. ಕಂಬಿಯಾಚೆ ಕೈಚಾಚಿ ತುಂತುರು ಹಿಡಿದಳು. ಪಕ್ಕದಲ್ಲಿ ಕೂತಿದ್ದ ಆಂಧ್ರದ ಅಜ್ಜಿಗೆ, ಇಷ್ಟು ನೀರು ಕಾಣುವ ನೀವೇ ಪುಣ್ಯವಂತರು ಎಂದು ತೆಲುಗಿನಲ್ಲಿ ಹೇಳಿದಳು.

ಅಜ್ಜಿ ನಗಲಿಲ್ಲ. ನೀರಿನತ್ತ ಬೆರಳು ತೋರಿ, "ಮಾ ಊರು ಈಡನೇ ಉಂಡೇದಿ," ಎಂದಳು. ನಮ್ಮೂರು ಇಲ್ಲೇ ಇತ್ತು.

ಅಣೆಕಟ್ಟು ಕಟ್ಟಿದಾಗ ಕಣಿವೆಯೆಲ್ಲ ಮುಳುಗಿತಂತೆ. ಹಳೆಯ ಕಟ್ಟಡಗಳ ಕಲ್ಲುಗಳನ್ನು ಬಿಚ್ಚಿ ತಂದು ಬೆಟ್ಟದ ಮೇಲೆ ಜೋಡಿಸಿದರು. ಅಜ್ಜಿಯ ಮನೆ, ಹಿತ್ತಲಿನ ಹುಣಸೆಮರ, ಅದರ ಬುಡದಲ್ಲಿ ಹೂತಿದ್ದ ಚೊಚ್ಚಲ ಮಗು ಕೆಳಗೇ ಉಳಿದವು. ವರ್ಷಕ್ಕೊಂದು ಸಲ ಬಂದು ಈ ನೀರಿನ ಮೇಲೆ ಹೋಗಿಬರುತ್ತಾಳಂತೆ.

ದ್ವೀಪದಲ್ಲಿ ಇಳಿದಾಗ ಅಪ್ಪ ಕರೆದರು. "ಬರಲ್ವೇನೆ? ಮ್ಯೂಸಿಯಂ ಮುಚ್ಚಿಬಿಡ್ತಾರೆ."

"ನೀವು ಹೋಗ್ಬನ್ನಿ. ನಾನು ಈಯಮ್ಮನ ಜೊತೆ ಕೂತಿರ್ತೀನಿ."

ಅಪ್ಪ ಒಬ್ಬರೇ ಹೋದರು. ನಾನು ಅಮ್ಮನ ಪಕ್ಕ ಬೇವಿನ ನೆರಳಲ್ಲಿ ಉಳಿದೆ. ಬುತ್ತಿ ಬಿಚ್ಚಿ ಅಜ್ಜಿಗೂ ಚಿತ್ರಾನ್ನ ಕೊಟ್ಟೆವು. ಆಮೇಲೆ ಅಮ್ಮ, ನೀರಿನಿಂದ ಕಣ್ಣು ತೆಗೆಯದೆ, "ನಾಕೂ ಒಕ ಬಿಡ್ಡ ಪೋಯಿಂದಿ," ಎಂದಳು.

ತನ್ನದೂ ಒಂದು ಮಗು ತೀರಿಹೋಯಿತು ಎಂದು. ನನಗೆ ತೆಲುಗು ಅರ್ಥವಾಗುತ್ತಿತ್ತೆಂಬುದು ಅವಳಿಗೆ ಆ ಕ್ಷಣ ಮರೆತೇಹೋಗಿತ್ತೇನೋ. ಅಮ್ಮ ಹೇಳುತ್ತಾ ಹೋದಳು: ಅಪ್ಪನಿಗೆ ಮೊದಲು ಚಿಂತಾಮಣಿ ಕಡೆ ಕೆಲಸ. ಅಲ್ಲಿ ಜ್ವರ ಬಂದು ಹೋದ ಎರಡು ವರ್ಷದ ಹುಡುಗಿಯನ್ನು ಅಂಬಾಜಿದುರ್ಗದ ತಪ್ಪಲಲ್ಲಿ ಮಣ್ಣು ಮಾಡಿದ್ದರು. ನಾನು ಹುಟ್ಟುವುದಕ್ಕೂ ಮುಂಚಿನ ಮಾತು. ಒಬ್ಬಳೇ ಮಗಳೆಂದು ತಿಳಿದು ಬೆಳೆದ ನನಗೆ ಒಬ್ಬಳು ಅಕ್ಕ ಇದ್ದಳು.

ಅಜ್ಜಿ ಅಮ್ಮನ ಕೈಹಿಡಿದು, "ನಿನ್ನ ಮಗಳನ್ನು ಹೂತ ಜಾಗ ನೀರಲ್ಲಿ ಮುಳುಗಿಲ್ಲ, ಒಣನೆಲದಲ್ಲೇ ಇದೆ. ಹೋಗಿ ನೋಡು ತಾಯೀ," ಎಂದು ತನ್ನ ತೆಲುಗಿನಲ್ಲಿ ಹೇಳಿದಳು. ಹಿಂತಿರುಗುವಾಗ ಅಜ್ಜಿ ತನ್ನೂರೆಂದು ತೋರಿಸಿದ ಜಾಗದಲ್ಲಿ ಅಮ್ಮ ಮುಡಿಯ ಹೂ ತೆಗೆದು ನೀರಿಗೆ ಬಿಟ್ಟಳು. ಅಪ್ಪ ಸ್ತೂಪದ ಬಗ್ಗೆ ಖುಷಿಯಿಂದ ಹೇಳುತ್ತಿದ್ದವರು ಅವಳ ಮುಖ ನೋಡಿ ಹತ್ತಿರ ಸರಿದು ಕೂತರು.

"ಅಂಬಾಜಿದುರ್ಗಕ್ಕೆ ಹೋಗಣ," ಎಂದಳು ಅಮ್ಮ. ಅಪ್ಪ ತಲೆಯಾಡಿಸಿದರು.

ಮುಂದಿನ ತಿಂಗಳು ಹೋದೆವು. ಗುರುತಿಗೆ ಇಟ್ಟಿದ್ದ ಕಲ್ಲು ಸಿಗಲಿಲ್ಲ. ಅಲ್ಲೀಗ ಯಾರದೋ ಹಿಪ್ಪುನೇರಳೆ ತೋಟ. ಇಲ್ಲಿರಬೇಕು, ಇಲ್ಲ ಅಲ್ಲಿರಬೇಕು ಎಂದು ಅಪ್ಪ ಬದುವಿನ ಮೇಲೆ ಓಡಾಡಿದರು. ಅಮ್ಮ ಒಂದು ಕಡೆ ನಿಂತು, ಆಟಕ್ಕೆ ಹೋದ ಮಗುವನ್ನು ಊಟಕ್ಕೆ ಕರೆಯುವಂತೆ, ಅಕ್ಕನ ಹೆಸರು ಕೂಗಿದಳು. ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.